ಕಿಂಬರ್ಲಿ: ಅರ್ಧ ದಿನಕ್ಕೆ ಮುಗಿಯದ ಗುಂಡಿ

ಮುಂಬಯಿಯ ಮಾಟುಂಗಾದ ಮನೆಯಿಂದ ಬಾಂದ್ರಾ ಕುರ್ಲಾ ಸಂಕೀರ್ಣದ ವಜ್ರ ಮಾರುಕಟ್ಟೆಗೆ ಲೆಕ್ಕಪತ್ರದ ಕೆಲಸಕ್ಕೆಂದು ಹನ್ನೊಂದು ವರ್ಷಗಳಿಂದ ಓಡಾಡುತ್ತಿರುವ ನನಗೆ, ವಜ್ರವೆಂದರೆ ಮಡಚಿದ ಬಿಳಿ ಕಾಗದದ ಪೊಟ್ಟಣದಿಂದ ಚಿಮುಟದಲ್ಲಿ ಎತ್ತಿ ನೋಡುವ ವಸ್ತು. ಅದು ನೆಲದಿಂದ ಮೇಲೆ ಬಂದ ಜಾಗವನ್ನು ಒಮ್ಮೆ ನೋಡಬೇಕೆಂದು ಕಳೆದ ವರ್ಷ ನಾನೂ ನನ್ನಾಕೆಯೂ ದಕ್ಷಿಣ ಆಫ್ರಿಕಾದ ಕಿಂಬರ್ಲಿಗೆ ಹೋಗಿ ಬಂದೆವು. ಇಲ್ಲಿನ ಪ್ರವಾಸ ಸಂಸ್ಥೆಯೊಂದು ಆ ಊರಿಗೆ ಅರ್ಧ ದಿನ ಧಾರಾಳವಾಯಿತೆಂದು ಹೇಳಿ ಹಾಗೆಯೇ ಟಿಕೆಟ್ ಮಾಡಿಸಿತ್ತು. ಆ ಅಂದಾಜು ತಪ್ಪೆಂದು ಮೊದಲ ಮಧ್ಯಾಹ್ನವೇ ತಿಳಿದು, ದಂಡ ತೆತ್ತು ಎರಡು ದಿನ ಉಳಿದೆವು.

ಊರಿನ ಮುಖ್ಯ ಆಕರ್ಷಣೆ ಬಿಗ್ ಹೋಲ್. 1871ರಲ್ಲಿ ಅಲ್ಲಿದ್ದದ್ದು ಒಂದು ಸಣ್ಣ ಗುಡ್ಡ. ಅದರ ಮೇಲೆ ವಜ್ರ ಸಿಕ್ಕಿತೆಂಬ ಸುದ್ದಿ ಹರಡಿ ಸಾವಿರಾರು ಜನ ಗುದ್ದಲಿ, ಸಲಿಕೆ ಹಿಡಿದು ಮುಗಿಬಿದ್ದ ಮೇಲೆ ಗುಡ್ಡ ಹೋಗಿ ಗುಂಡಿ ಉಳಿಯಿತು. 1914ರಲ್ಲಿ ಗಣಿ ಮುಚ್ಚುವ ಹೊತ್ತಿಗೆ ಸುಮಾರು 2.25 ಕೋಟಿ ಟನ್ ಮಣ್ಣು ಹೊರಬಂದಿತ್ತು, ಸಿಕ್ಕಿದ ವಜ್ರ 2,720 ಕಿಲೋಗ್ರಾಂ. ವೃತ್ತಿಯ ಚಾಳಿಯಿಂದ ಅಲ್ಲಿಯೇ ಮೊಬೈಲಿನಲ್ಲಿ ಭಾಗಿಸಿ ನೋಡಿದೆ: ಎಂಟು ಟನ್ನಿಗೂ ಹೆಚ್ಚು ಮಣ್ಣು ಎತ್ತಿದರೆ ಒಂದು ಗ್ರಾಂ, ಅಂದರೆ ಐದು ಕ್ಯಾರಟ್. ಗುಂಡಿಯ ಮೇಲೆ ಚಾಚಿಕೊಂಡಿರುವ ಉಕ್ಕಿನ ಅಟ್ಟಣೆಯ ತುದಿಗೆ ಹೋಗಿ ನಿಂತರೆ ಎದುರಿನ ಅಂಚು 463 ಮೀಟರ್ ದೂರದಲ್ಲಿದೆ, ಕೆಳಗೆ ಬಹಳ ಆಳದಲ್ಲಿ ಹಸಿರು ನೀರು ಅಲುಗಾಡದೆ ನಿಂತಿದೆ. ನನ್ನಾಕೆ ಕಂಬಿಯನ್ನು ಬಿಡಲೇ ಇಲ್ಲ.

ಗುಂಡಿಯಷ್ಟೇ ಹಿಡಿಸಿದ್ದು ಮಣ್ಣಿನ ಕಥೆ. ಮೇಲಿನ ಹಳದಿ ಮಣ್ಣು ತೀರಿ ಗಟ್ಟಿಯಾದ ನೀಲಿ ನೆಲ ಕಂಡಾಗ, ವಜ್ರ ಮುಗಿಯಿತೆಂದು ಹೆದರಿ ಹಲವರು ತಮ್ಮ ತುಂಡು ಜಾಗಗಳನ್ನು ಮಾರಿಕೊಂಡರು. ನಿಜದಲ್ಲಿ ವಜ್ರವನ್ನು ಆಳದಿಂದ ಹೊತ್ತು ತಂದದ್ದೇ ಆ ನೀಲಿ ಬಂಡೆ. ಅದಕ್ಕೆ ಈ ಊರಿನಿಂದಲೇ ಕಿಂಬರ್ಲೈಟ್ ಎಂಬ ಹೆಸರು ಬಂತು. ಬಳ್ಳಾರಿಯಿಂದ ಅಷ್ಟೇನೂ ದೂರವಿಲ್ಲದ ವಜ್ರಕರೂರಿನಲ್ಲಿಯೂ ಇರುವುದು ಇದೇ ಜಾತಿಯ ಕಲ್ಲು. ಮೊದಲ ಮಳೆ ಬಿದ್ದೊಡನೆ ಅಲ್ಲಿಯ ಹೊಲಗಳಲ್ಲಿ ಜನ ತಲೆ ಬಗ್ಗಿಸಿ ಹುಡುಕುವುದನ್ನು ನಮ್ಮ ಅಜ್ಜಿ ಹೇಳುತ್ತಿದ್ದಳು; ಗುಂಡಿಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ನೀಲಿ ತುಂಡಿನ ಮುಂದೆ ನಾನು ಅಷ್ಟು ಹೊತ್ತು ನಿಂತದ್ದು ಆ ಮಾತಿನಿಂದಾಗಿ.

ಅದೇ ಸಂಗ್ರಹಾಲಯದ ಬಿಗಿ ಕಾವಲಿನ ಕೋಣೆಯಲ್ಲಿ 1867ರಲ್ಲಿ ಹೋಪ್‌ಟೌನ್ ಬಳಿ ದೊರೆತ ಯುರೇಕಾ ವಜ್ರವಿದೆ. ಒರಟು ಕಲ್ಲಾಗಿದ್ದಾಗ 21.25 ಕ್ಯಾರಟ್ ಇದ್ದದ್ದು ಕತ್ತರಿಸಿದ ಮೇಲೆ 10.73ಕ್ಕೆ ಇಳಿದಿದೆ, ಅರ್ಧ ತೂಕ ಕಳೆದುಕೊಳ್ಳುವುದು ನಮ್ಮ ಮಾರುಕಟ್ಟೆಯವರಿಗೆ ಹೊಸ ಸಂಗತಿಯಲ್ಲ. ಪಕ್ಕದಲ್ಲಿಯೇ ಇರುವ, ಕತ್ತರಿಸದ 616 ಕ್ಯಾರಟ್ಟಿನ ಕಲ್ಲು ಹೊಳೆಯುವುದೇ ಇಲ್ಲ, ಕಲ್ಲುಸಕ್ಕರೆಯ ಗಟ್ಟಿಯಂತೆ ಕೂತಿದೆ. ಹೊಳಪು ನೋಡಲು ಹೋದವರಿಗೆ ನಿರಾಸೆಯಾದೀತು, ನನಗೆ ಅದೇ ಹೆಚ್ಚು ಹಿಡಿಸಿತು.

ಬ್ರಿಟಿಷ್ ಗಣಿ ಉದ್ಯಮಿ ಸೆಸಿಲ್ ರೋಡ್ಸ್ 1888ರಲ್ಲಿ ಡಿ ಬಿಯರ್ಸ್ ಎಂಬ ವಜ್ರ ಕಂಪನಿಯನ್ನು ಕಟ್ಟಿದ್ದೂ ಎದುರಾಳಿಗಳನ್ನು ಕೊಂಡುಹಾಕಿದ್ದೂ ಓದಲು ಸ್ವಾರಸ್ಯವಾಗಿವೆ. ಆದರೆ 1885ರಿಂದ ಕಪ್ಪು ಕೆಲಸಗಾರರನ್ನು ಕರಾರಿನ ಅವಧಿಯುದ್ದಕ್ಕೂ ಬೇಲಿಯೊಳಗೆ ಕೂಡಿಹಾಕಿ, ಕದ್ದೊಯ್ಯಬಾರದೆಂದು ಬೆತ್ತಲೆ ತಪಾಸಣೆ ಮಾಡುತ್ತಿದ್ದ ಕಾಂಪೌಂಡುಗಳ ಚರಿತ್ರೆಯನ್ನು ಮೊದಲೇ ಓದಿಕೊಂಡು ಹೋಗುವುದು ಲೇಸು. ಆಗ ಆ ಗುಂಡಿಯೇ ಬೇರೆಯಾಗಿ ಕಾಣುತ್ತದೆ.

ಉಳಿದವುಗಳಲ್ಲಿ ಮ್ಯಾಕ್‌ಗ್ರೆಗರ್ ವಸ್ತುಸಂಗ್ರಹಾಲಯಕ್ಕೆ ಒಂದು ಬೆಳಗು ಮೀಸಲಿಡಬಹುದು. 1899-1900ರಲ್ಲಿ ಬ್ರಿಟಿಷರ ಕೈಯಲ್ಲಿದ್ದ ಈ ಊರಿಗೆ ಬೋಯರರು (ಡಚ್ ಮೂಲದ ವಲಸಿಗರು) ಹಾಕಿದ 124 ದಿನಗಳ ಮುತ್ತಿಗೆಯ ಬಗ್ಗೆ ಆಸಕ್ತಿಯಿದ್ದವರಿಗೆ ಮಾಗರ್ಸ್‌ಫಾಂಟೇನ್ ಯುದ್ಧಭೂಮಿಯೂ ಇದೆ. ಸಸ್ಯಾಹಾರಿಗಳು ಮನೆಯಿಂದಲೇ ಅವಲಕ್ಕಿ, ಶೇಂಗಾ ಚಟ್ನಿಪುಡಿ ಒಯ್ಯುವುದು ಒಳ್ಳೆಯದು. ನಮ್ಮ ಎರಡು ರಾತ್ರಿ ಅದರಲ್ಲಿಯೇ ಕಳೆದವು. ಜೊಹಾನ್ಸ್‌ಬರ್ಗಿನಿಂದ ರಸ್ತೆಯಲ್ಲಿ ಹೆಚ್ಚುಕಡಿಮೆ 480 ಕಿಲೋಮೀಟರ್, ವಿಮಾನವೂ ಇದೆ. ಹೊರಡುವ ದಿನ ಸಮಯ ಉಳಿದರೆ ಊರಿನ ಉತ್ತರಕ್ಕಿರುವ ಕ್ಯಾಂಫರ್ಸ್ ಡ್ಯಾಮಿನ ಕಡೆ ಹೋಗಿ. ಮುಂಬಯಿಯ ಶಿವಡಿಯ ಕೆಸರಿನಲ್ಲಿ ಪ್ರತಿವರ್ಷ ನಾವು ನೋಡುವ ಗುಲಾಬಿ ಫ್ಲೆಮಿಂಗೊಗಳೇ ಅಲ್ಲಿಯೂ ಒಂಟಿಕಾಲಲ್ಲಿ ನಿಂತಿದ್ದವು.