ಅಟ್ಟದ ಮೇಲಿನ ಬೂಟು, ಬಾಗಿಲ ಹಿಂದಿನ ಬೂಟು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 2,600 ರೂಪಾಯಿಯ, ಇವಿಎ ಅನ್ನುವ ಹಗುರ ಫೋಮಿನ ಸೋಲ್ (ಬೂಟಿನ ಅಡಿಭಾಗ) ಇರುವ ಬೂಟಿಗೆ. 5,800 ಕೊಟ್ಟು ತಂದ, ಪಿಯು ಅನ್ನುವ ಇನ್ನೊಂದು ಬಗೆಯ ಫೋಮಿನ ಸೋಲ್ ಇದ್ದ ಜೋಡಿಯಲ್ಲಿ ಈಗ ಉಳಿದಿರುವುದು ಲೇಸು ಮಾತ್ರ.

ದಾಂಡೇಲಿ ಕಡೆ ಕಾಡು ಸುತ್ತೋಣ ಅಂತ ಹುಬ್ಬಳ್ಳಿಯಲ್ಲಿ ಕೊಂಡ ಟ್ರೆಕ್ಕಿಂಗ್ ಬೂಟು ಅದು. ನಾಲ್ಕು ವರ್ಷದಲ್ಲಿ ಹಾಕಿದ್ದು ಹೆಚ್ಚೆಂದರೆ ಎಂಟು ಸಲ. ಪ್ರತಿ ಸಲ ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಡಬ್ಬಿಗೆ ಹಾಕಿ ಅಟ್ಟಕ್ಕೆ ಏರಿಸುತ್ತಿದ್ದೆ. ಮನೆಯ ಬಂಗಾರವನ್ನೂ ಅಷ್ಟು ಜೋಪಾನ ಮಾಡಿಲ್ಲ.

ಹೋದ ಶ್ರಾವಣದಲ್ಲಿ ಗೆಳೆಯನ ಜೊತೆ ಗದಗಿನ ಕಪ್ಪತಗುಡ್ಡಕ್ಕೆ ಹೊರಟೆ. ಅರ್ಧ ಗಂಟೆ ಏರಿರಬೇಕು, ಎಡಗಾಲಿನ ಹಿಮ್ಮಡಿ ಕೆಳಗೆ ಏನೋ ಮೆತ್ತಗಾಯಿತು. ಕೆಂಪು ಮಣ್ಣು ಮೆತ್ತಿಕೊಂಡಿದೆ ಅಂದುಕೊಂಡು ಕಲ್ಲಿಗೆ ಉಜ್ಜಿದೆ. ಹಿಂದೆ ಬರುತ್ತಿದ್ದವನು ಕೂಗಿದ: "ಲೇ, ನಿನ್ನ ಬೂಟು ಉದರಾಕತ್ತೈತಿ ನೋಡು!" ತಿರುಗಿ ನೋಡಿದರೆ ದಾರಿಯುದ್ದಕ್ಕೂ ಕರಿ ಪುಡಿ. ಇನ್ನು ಹತ್ತು ಹೆಜ್ಜೆ ಇಟ್ಟೆನೋ ಇಲ್ಲವೋ, ಸೋಲು ಪೂರ್ತಿ ಕಳಚಿ ಬಿತ್ತು. ಅದರ ಹಲ್ಲು ಒಂಚೂರೂ ಸವೆದಿರಲಿಲ್ಲ, ಅದೇ ಹೊಟ್ಟೆ ಉರಿಸಿದ್ದು. ಟವೆಲ್ ಹರಿದು ಕಟ್ಟಿಕೊಳ್ಳುವಷ್ಟರಲ್ಲಿ ಬಲಗಾಲಿನದ್ದೂ ಬಾಯಿ ಬಿಟ್ಟಿತು. ಗುಡ್ಡದ ಚೂಪು ಕಲ್ಲಿನ ಮೇಲೆ ಕುಂಟುತ್ತಾ ಇಳಿದೆ. ಗಾಳಿಗುಂಡಿ ಬಸವಣ್ಣನಿಗೆ ಕೆಳಗಿನಿಂದಲೇ ಕೈ ಮುಗಿದೆ.

ಧಾರವಾಡದಲ್ಲಿ ಚಪ್ಪಲಿ ಹೊಲಿಯುವ ಕಾಕಾ ಬೆರಳಿನಿಂದ ಒತ್ತಿ ನೋಡಿದರು. "ಅಂಟು ಹಚ್ಚಾಕ ಗಟ್ಟಿ ಏನರ ಇರಬೇಕಲ್ರೀ, ಇದು ಹಿಟ್ಟಾಗೇತಿ" ಅಂದರು. ಪಾದಕ್ಕೂ ರಬ್ಬರ್ ತಳಕ್ಕೂ ನಡುವೆ ಮೆತ್ತನೆ ಪದರ ಇರುತ್ತದಲ್ಲ, ಈ ಬೂಟಿನಲ್ಲಿ ಅದು ಪಾಲಿಯುರೆಥೇನ್, ಅಂದರೆ ಪಿಯು. ಗಾಳಿಯ ತೇವ ವರ್ಷಗಟ್ಟಲೆ ಒಳಗೆ ಇಳಿದು ಅದರ ಕಟ್ಟನ್ನೇ ಬಿಡಿಸುತ್ತದೆ, ಹೈಡ್ರಾಲಿಸಿಸ್ ಅನ್ನುತ್ತಾರೆ. ಸೆಕೆ ಸೇರಿದರೆ ಇನ್ನೂ ಬೇಗ. ನಮ್ಮೂರಲ್ಲಿ ಜೂನ್‌ನಿಂದ ಜಿಟಿಜಿಟಿ ಮಳೆ, ಬೇಸಿಗೆಯಲ್ಲಿ ಅಟ್ಟ ಒಲೆಯಂತೆ ಕಾಯುತ್ತದೆ. ಪೂರ್ತಿ ಒಣಗದ ಬೂಟನ್ನು ಚೀಲದಲ್ಲಿ ಕಟ್ಟಿಟ್ಟು ತೇವಕ್ಕೆ ನಾನೇ ಮನೆ ಮಾಡಿಕೊಟ್ಟಿದ್ದೆ. ಹಿಮದಲ್ಲಿ ಜಾರುವವರ ಸ್ಕೀ ಬೂಟಿಗೂ ಇದು ತಪ್ಪಿದ್ದಲ್ಲ. ಅದರ ಗಟ್ಟಿ ಚಿಪ್ಪೂ ಎಷ್ಟೋ ಸಲ ಪಿಯು ಜಾತಿಯದ್ದೇ, ಹಳೆಯದಾದರೆ ಇಟ್ಟಲ್ಲೇ ಬಿರುಕು ಬಿಡುತ್ತದೆ.

ಇವಿಎ ಹೀಗೆ ಪುಡಿಯಾಗುವುದಿಲ್ಲ. ಆದರೆ ತುಳಿದು ತುಳಿದು ಚಪ್ಪಟೆಯಾಗುತ್ತದೆ. ನನ್ನದು ಒಂದೂವರೆ ವರ್ಷಕ್ಕೇ ಹಿಮ್ಮಡಿಯಲ್ಲಿ ಕುಗ್ಗಿದೆ, ಈಗ ಕಲ್ಲು ಚುಚ್ಚುವುದು ಗೊತ್ತಾಗುತ್ತದೆ. ಹಾಗಂತ ಅದು ಮೊದಲೇ ಹೇಳಿ ಸಾಯುವ ಬೂಟು, ಗುಡ್ಡದ ನಡುವೆ ಕೈ ಕೊಡುವುದಿಲ್ಲ.

ಕೆಸರಿನಲ್ಲಿ ಹಿಡಿತ ಎರಡರದ್ದೂ ಒಂದೇ, ಅಡಿಗಿರುವುದು ರಬ್ಬರ್ ಅಲ್ವಾ. ಕಣಕಾಲಿಗೆ ಆಸರೆ ದುಬಾರಿಯದ್ದೇ ಜಾಸ್ತಿ ಕೊಡುತ್ತಿತ್ತು, ಸುಳ್ಳು ಹೇಳಬಾರದು.

ಬೆನ್ನ ಮೇಲೆ ಹದಿನೈದು ಕಿಲೋ ಹೊತ್ತು ವಾರ ವಾರ ಗುಡ್ಡ ಹತ್ತುವವರು ಪಿಯುವನ್ನೇ ತಗೊಳ್ಳಿ. ಭಾರಕ್ಕೆ ಅದು ಬೇಗ ಕುಗ್ಗುವುದಿಲ್ಲ, ಉದುರುವ ಮೊದಲು ನೀವೇ ಸವೆಸಿ ಮುಗಿಸಿರುತ್ತೀರಿ. ನಾನು ವರ್ಷಕ್ಕೆ ಎರಡು ಸಲ ಗುಡ್ಡ ನೋಡುವವನು, ಉಳಿದ ದಿನ ಬೆಳಿಗ್ಗೆ ಸಾಧನಕೇರಿ ಸುತ್ತ ಎರಡು ಸುತ್ತು. ಮೂರು ಸಾವಿರದ ಮೇಲೆ ಬೂಟಿಗೆ ಕೊಡುವ ಶಕ್ತಿಯೂ ಇಲ್ಲ, ಮನಸ್ಸೂ ಇಲ್ಲ.

ಈಗ ಇವಿಎ ಜೋಡಿ ಬಾಗಿಲ ಹಿಂದೆ ಬಯಲಲ್ಲೇ ಇರುತ್ತದೆ. ನೆನೆದರೆ ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ತುರುಕಿ, ಫ್ಯಾನಿನ ಕೆಳಗೆ ಇಡುತ್ತೇನೆ. ಬಿಸಿಲಿಗೆ, ಒಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ನಿಮ್ಮ ಅಟ್ಟದಲ್ಲೂ ಹಳೆಯ ಪಿಯು ಜೋಡಿ ಇದ್ದರೆ ಹೊರಡುವ ಹಿಂದಿನ ವಾರವೇ ಇಳಿಸಿ, ಸೋಲಿನ ಪಕ್ಕವನ್ನು ಹೆಬ್ಬೆರಳಿಂದ ಜೋರಾಗಿ ಒತ್ತಿ ನೋಡಿ, ಹಾಕಿಕೊಂಡು ಓಣಿಯಲ್ಲಿ ಒಂದು ಗಂಟೆ ಓಡಾಡಿ. ಉದುರುವುದಿದ್ದರೆ ಮನೆ ಮುಂದೆಯೇ ಉದುರಲಿ.