ಸ್ಲೋ ಕುಕ್ಕರ್‌ನಲ್ಲಿ ಬೆಣ್ಣೆ ಕೋಳಿ: ದಾವಣಗೆರೆಯ ಆರು ಮಂದಿಯ ಮನೆಯಿಂದ ಒಂದು ವಿಮರ್ಶೆ

ಪ್ರೆಷರ್ ಕುಕ್ಕರ್ ಇರುವಾಗ, ಕರೆಂಟಿನ ಸಣ್ಣ ಶಾಖದಲ್ಲಿ ತಾಸುಗಟ್ಟಲೆ ಬೇಯಿಸುವ ಈ ಸ್ಲೋ ಕುಕ್ಕರ್ ಯಾಕೆ ಬೇಕು ಅಂತ ನೋಡಿದವರೆಲ್ಲ ಕೇಳ್ತಾರೆ. ನನ್ನ ಉತ್ತರ ಒಂದೇ: ಮೊಟ್ಟೆ ಕೋಳಿ.

ಮೊಟ್ಟೆ ಇಡೋದು ಕಡಿಮೆಯಾದ ಮೇಲೆ ಫಾರಂನವರು ಮಾಂಸಕ್ಕೆ ಮಾರಿಬಿಡುವ ಲೇಯರ್ ಕೋಳಿ ಅದು. ಮಾಮೂಲಿ ಫಾರಂ ಕೋಳಿ ಆರೇಳು ವಾರಕ್ಕೆಲ್ಲ ಅಂಗಡಿಗೆ ಬರುತ್ತೆ, ಇದಕ್ಕೆ ಹತ್ತಿರ ಹತ್ತಿರ ಒಂದೂವರೆ ವರ್ಷ ಆಗಿರುತ್ತೆ. ಅದಕ್ಕೇ ಮಾಂಸ ಗಟ್ಟಿ, ನಾರು ಜಾಸ್ತಿ, ಬೆಲೆ ಕಡಿಮೆ. ಆದರೆ ರುಚಿಯಲ್ಲಿ ಜವಾರಿ ಕೋಳಿಗೆ ಹತ್ತಿರ. ಪ್ರೆಷರ್ ಕುಕ್ಕರ್‌ನಲ್ಲೂ ಬೇಯುತ್ತೆ ನಿಜ. ಆದರೆ ಎರಡು ವಿಸಿಲ್ ಕಮ್ಮಿಯಾದರೆ ರಬ್ಬರು, ಎರಡು ಜಾಸ್ತಿಯಾದರೆ ಮಾಂಸವೆಲ್ಲ ನಾರುನಾರು. ಸ್ಲೋ ಕುಕ್ಕರ್‌ನಲ್ಲಿ ಅರ್ಧ ಗಂಟೆ ಹಿಂದೆ ಮುಂದೆ ಆದರೂ ಕೆಡೋದಿಲ್ಲ. ಕುದಿಬಿಂದುವಿಗಿಂತ ಸ್ವಲ್ಪ ಕೆಳಗಿನ ಶಾಖದಲ್ಲಿ ತಾಸುಗಟ್ಟಲೆ ಇದ್ದಾಗ ಮೂಳೆ, ಕೀಲುಗಳ ಸುತ್ತಲಿನ ಗಟ್ಟಿ ಅಂಶ ಕರಗಿ ಸಾರಿಗೆ ಇಳಿಯುತ್ತೆ. ಸಾರು ತುಟಿಗೆ ಅಂಟುವಷ್ಟು ಮಂದ ಆಗೋದು ಅದರಿಂದಲೇ. ನಮ್ಮತ್ತೆ ಮೊದಲ ಸಲ ಉಂಡು, “ಒಲಿ ಆರಿಸಿ ಕೆಂಡದ ಮ್ಯಾಲೆ ಮಡಕಿ ಬಿಟ್ಟಂಗ ಐತಿ ನೋಡವ್ವ” ಅಂದರು. ಅವರು ಅಷ್ಟು ಸುಲಭಕ್ಕೆ ಮೆಚ್ಚುವವರಲ್ಲ.

ನಮ್ಮದು 3.5 ಲೀಟರಿನ ಸಾದಾ ಮಾಡೆಲ್. ಒಳಗೆ ದಪ್ಪನೆಯ ಸೆರಾಮಿಕ್ ಪಾತ್ರೆ, ಮೇಲೆ ಗಾಜಿನ ಮುಚ್ಚಳ, ಲೋ, ಹೈ, ವಾರ್ಮ್ ಅಂತ ಒಂದು ತಿರುಗುಗುಂಡಿ. ಕೊರೊನಾ ಮುಗಿದ ಮೇಲೆ ತಂದಿದ್ದು, ಇವತ್ತಿಗೂ ಭಾನುವಾರ ತಪ್ಪದೆ ಕೆಲಸ ಮಾಡುತ್ತೆ. ಲೋ ಇಟ್ಟರೆ 180 ವ್ಯಾಟ್, ಏಳು ತಾಸಿಗೆ ಒಂದೂಕಾಲು ಯೂನಿಟ್. ಗೃಹಜ್ಯೋತಿ ಮಿತಿಯೊಳಗೆ ಇರುವ ಮನೆಗೆ ಇದು ಗೊತ್ತೇ ಆಗೋದಿಲ್ಲ. ಬೆಸ್ಕಾಂಗೆ ಬಿಲ್ ಕಟ್ಟುವವರಿಗೂ ಹತ್ತು ರೂಪಾಯಿ ಒಳಗಿನ ಮಾತು. ಸಿಲಿಂಡರ್ ಉಳಿಯೋದು ಬೇರೆ ಲೆಕ್ಕ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಮಕ್ಕಳಿಗೆ ಹೋಟೆಲಿನ ಬಟರ್ ಚಿಕನ್ ಬೇಕು. ಆರು ಜನ ಹೋಟೆಲಿಗೆ ಹೋಗಿ ಕೂತರೆ ಒಂದು ವಾರದ ದಿನಸಿ ದುಡ್ಡು ಹೋಗುತ್ತೆ. ದೋಸೆ ಮೇಲೆ ಹಾಕುವ ಬಿಳಿ ಬೆಣ್ಣೆ ನಮ್ಮೂರಲ್ಲೇ ಸಿಗುವಾಗ ಬಟರ್ ಚಿಕನ್‌ಗೆ ಹೋಟೆಲ್ ಯಾಕೆ ಬೇಕು? ಗೋಡಂಬಿ ಮಾತ್ರ ದುಬಾರಿ. ಅದರ ಜಾಗಕ್ಕೆ ನಾನು ಹಾಕೋದು ಚಳ್ಳಕೆರೆ ಕಡೆಯ ಶೇಂಗಾ. ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಪೂರ್ತಿ ಉಜ್ಜಿ ತೆಗೆದು, ಬಿಸಿನೀರಲ್ಲಿ ನೆನೆಸಿ ನುಣ್ಣಗೆ ರುಬ್ಬಬೇಕು. ಸಿಪ್ಪೆ ಉಳಿದರೆ ಒಗರು ಬರುತ್ತೆ.

ಒಂದು ಕೆಜಿ ಕೋಳಿಗೆ ನಾಲ್ಕು ದೊಡ್ಡ ಈರುಳ್ಳಿ, ಎರಡು ಟೊಮೆಟೊ, ಎಂಟು ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಎರಡು ಗುಂಟೂರು, ಎರಡು ಚಮಚ ಧನಿಯಾ, ಒಂದು ತುಂಡು ಚಕ್ಕೆ, ಎರಡೇ ಎರಡು ಲವಂಗ. ಲವಂಗದಲ್ಲಿ ಕೈ ಬಿಗಿ ಹಿಡಿಯಿರಿ, ಇಷ್ಟು ಹೊತ್ತು ಬೆಂದಾಗ ಅದರ ಘಾಟು ಎಲ್ಲವನ್ನೂ ನುಂಗಿಬಿಡುತ್ತೆ. ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಮಸಾಲೆಯನ್ನು ಬಾಣಲೆಯಲ್ಲಿ ಎಣ್ಣೆ ಬಿಡುವ ತನಕ ಹುರಿದೇ ಹಾಕಬೇಕು. ಈ ಪಾತ್ರೆಯ ಶಾಖ 100 ಡಿಗ್ರಿ ದಾಟೋದಿಲ್ಲ, ಹಾಗಾಗಿ ಒಳಗೆ ಏನೂ ಕೆಂಪಗಾಗೋದಿಲ್ಲ. ಹಸಿಯಾಗಿ ಹಾಕಿದ ಈರುಳ್ಳಿ ಏಳು ತಾಸು ಕಳೆದರೂ ಬೇಯಿಸಿದ ಈರುಳ್ಳಿಯಾಗಿಯೇ ಇರುತ್ತೆ. ಎಲ್ಲವನ್ನೂ ಒಟ್ಟಿಗೆ ಸುರಿದು ಸ್ವಿಚ್ ಹಾಕಿ ಅಂತ ಹೇಳುವವರ ಮಾತು ನಮ್ಮ ಮಸಾಲೆಗೆ ಹೊಂದೋದಿಲ್ಲ.

ಹುರಿದ ಮಸಾಲೆ ಬಿಸಿ ಇರುವಾಗಲೇ ಕೋಳಿ ಮೇಲೆ ಹಾಕಿ, ಅರ್ಧ ಲೋಟ ಬಿಸಿನೀರು. ಅಷ್ಟೇ ಸಾಕು, ಆವಿ ಹೊರಗೆ ಹೋಗೋದಿಲ್ಲ, ಮಾಂಸವೇ ನೀರು ಬಿಡುತ್ತೆ. ಬಿಸಿಯಲ್ಲೇ ಶುರು ಮಾಡೋದಕ್ಕೆ ಇನ್ನೊಂದು ಕಾರಣವೂ ಇದೆ. ಹಸಿ ಮಾಂಸ ಉಗುರುಬೆಚ್ಚಗೆ ತುಂಬಾ ಹೊತ್ತು ಇರಬಾರದು. ಫ್ರಿಜ್‌ನಲ್ಲಿ ಗಡ್ಡೆ ಕಟ್ಟಿದ ಕೋಳಿಯನ್ನಂತೂ ಹಾಗೇ ಹಾಕಲೇಬೇಡಿ. ಮೊಟ್ಟೆ ಕೋಳಿಗೆ ಲೋನಲ್ಲಿ ಏಳೆಂಟು ತಾಸು. ಫಾರಂ ಕೋಳಿಯಾದರೆ ಕಾಲು, ತೊಡೆ ತುಂಡು ಮಾತ್ರ ತಗೊಳ್ಳಿ, ನಾಲ್ಕೈದು ತಾಸು ಸಾಕು. ಎದೆ ಮಾಂಸ ಇದರಲ್ಲಿ ಒಣಗಿ ಪುಡಿಯಾಗುತ್ತೆ, ಅದನ್ನ ಬೇರೆ ಪಲ್ಯಕ್ಕೆ ಇಡಿ.

ಶೇಂಗಾ ಪೇಸ್ಟ್ ಕೊನೆಯ ಒಂದು ತಾಸಿಗೆ. ಮೊದಲೇ ಹಾಕಿದರೆ ಅಂಚಿಗೆ ಹಿಡಿಯುತ್ತೆ. ಬೆಣ್ಣೆ 50 ಗ್ರಾಂ, ಕಸೂರಿ ಮೇಥಿ, ಚೂರು ಬೆಲ್ಲ ಕೊನೆಯ ಹತ್ತು ನಿಮಿಷಕ್ಕೆ. ಹಸಿ ಬೆಣ್ಣೆಯ ಪರಿಮಳ ಉಳಿಯಬೇಕು ಅಂದರೆ ಅದನ್ನು ಕುದಿಸಬಾರದು. ಮೊಸರು ಹಾಕುವ ಮನಸ್ಸಿದ್ದರೂ ಆಗಲೇ, ಇಲ್ಲದಿದ್ದರೆ ಒಡೆಯುತ್ತೆ. ಜೋಳದ ರೊಟ್ಟಿ ಜೊತೆ ಚೆಂದ, ಬಿಸಿ ಮುದ್ದೆ ಜೊತೆ ಅದಕ್ಕಿಂತ ಚೆಂದ. ಮುದ್ದೆಗೆ ಬೇಕು ಅಂದರೆ ಬೆಣ್ಣೆ ಹಾಕುವ ಮುಂಚೆ ಇನ್ನೊಂದು ಲೋಟ ಬಿಸಿನೀರು ಬೆರೆಸಿ ತೆಳ್ಳಗೆ ಮಾಡಿಕೊಳ್ಳಿ.

ಬೇಸಿಗೆಯಲ್ಲಿ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತೆ. ಏಪ್ರಿಲ್ ಬಿಸಿಲಲ್ಲಿ ದಾವಣಗೆರೆಯ ಅಡುಗೆಮನೆಯಲ್ಲಿ ಒಲೆ ಮುಂದೆ ಎರಡು ತಾಸು ನಿಲ್ಲೋದು ಶಿಕ್ಷೆ. ಇದನ್ನ ಹಿತ್ತಲ ಬಾಗಿಲ ಹತ್ತಿರದ ಕಟ್ಟೆ ಮೇಲಿಟ್ಟು ನಾನು ಮಲಗಿ ಎದ್ದು ಬರ್ತೀನಿ.

ತೊಂದರೆಗಳೂ ಇವೆ. ಕರೆಂಟ್ ಹೋದರೆ ಮುಚ್ಚಳ ತೆಗೆಯದೆ ಅರ್ಧ ಮುಕ್ಕಾಲು ತಾಸು ಕಾಯಬಹುದು, ದಪ್ಪ ಪಾತ್ರೆ ಶಾಖ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕಿಂತ ಹೆಚ್ಚಾದರೆ ಪ್ರೆಷರ್ ಕುಕ್ಕರ್‌ಗೆ ಬಗ್ಗಿಸಿ ಮುಗಿಸೋದೇ ಕ್ಷೇಮ. ಬೆಸ್ಕಾಂ ದುರಸ್ತಿ ಪ್ರಕಟಣೆ ಇರುವ ದಿನ ನಾನು ಇಡೋದೇ ಇಲ್ಲ. ಮಧ್ಯೆ ಮಧ್ಯೆ ಮುಚ್ಚಳ ತೆಗೆದು ನೋಡುವ ಚಟ ಇರುವವರಿಗೆ ಇದು ಆಗಿಬರಲ್ಲ, ಪ್ರತಿ ಸಲವೂ ಇಪ್ಪತ್ತು ನಿಮಿಷ ಹಿಂದೆ ಹೋಗುತ್ತೆ. ಬಿಸಿ ಸೆರಾಮಿಕ್ ಪಾತ್ರೆಗೆ ತಣ್ಣೀರು ಹಾಕಿದರೆ ಬಿರುಕು ಬಿಡುತ್ತೆ. ಗ್ಯಾಸ್ ಮೇಲೆ ಇಡುವಂತೆಯೂ ಇಲ್ಲ. ಮುಚ್ಚಳದ ಹಿಡಿ ನಮ್ಮದು ಎರಡನೇ ವರ್ಷಕ್ಕೇ ಸಡಿಲವಾಯ್ತು. ಬಿಡಿಭಾಗ ಊರಲ್ಲಿ ಎಲ್ಲೂ ಸಿಗಲಿಲ್ಲ, ಕಂಪನಿಯವರಿಗೆ ಬರೆದರೆ ಉತ್ತರವೇ ಇಲ್ಲ. ಕೊನೆಗೆ ಮಂಡಿಪೇಟೆಯ ಪಾತ್ರೆ ಅಂಗಡಿಯವರೊಬ್ಬರು ಸ್ಕ್ರೂ ಹಾಕಿ ಕೂರಿಸಿಕೊಟ್ಟರು. ಕೊಳ್ಳುವ ಮುಂಚೆ ಬಿಡಿ ಪಾತ್ರೆ, ಬಿಡಿ ಮುಚ್ಚಳ ಮಾರುತ್ತಾರಾ ಅಂತ ಕೇಳಿಕೊಳ್ಳಿ. ನನ್ನ ಮಟ್ಟಿಗೆ ಐದರಲ್ಲಿ ಒಂದು ಅಂಕ ಹೋಗೋದು ಇಲ್ಲೇ.

ಶ್ರಾವಣದಲ್ಲಿ ಹುರುಳಿಕಾಳು, ಕಡಲೆಕಾಳಿಗೆ ಬಳಸ್ತೀನಿ. ರಾಜ್ಮಾ ಮಾತ್ರ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಹತ್ತು ನಿಮಿಷ ಗ್ಯಾಸ್ ಮೇಲೆ ಕೊತಕೊತ ಕುದಿಸಿಯೇ ಇದಕ್ಕೆ ಹಾಕಬೇಕು. ಅದರಲ್ಲಿರುವ ವಿಷಾಂಶ ಈ ಸಣ್ಣ ಶಾಖಕ್ಕೆ ಸಾಯೋದಿಲ್ಲ.

ಅಳತೆ ಬಗ್ಗೆ ಒಂದು ಮಾತು. ಅರ್ಧದಿಂದ ಮುಕ್ಕಾಲು ಪಾತ್ರೆ ತುಂಬಿದಾಗಲೇ ಇದು ಸರಿಯಾಗಿ ಬೇಯಿಸೋದು. 3.5 ಲೀಟರಿಗೆ ಒಂದೂಕಾಲು ಕೆಜಿ ಕೋಳಿ ಹಿತ, ಆರು ಜನರ ಊಟಕ್ಕೆ ಸಾಕು. ದುಗ್ಗಮ್ಮನ ಜಾತ್ರೆಗೆ ನೆಂಟರು ಬಂದರೆ ನಾವು ಇದನ್ನ ಅಟ್ಟಕ್ಕೆ ಏರಿಸಿ ದೊಡ್ಡ ಪಾತ್ರೆ ಇಳಿಸ್ತೀವಿ. ನಿಮ್ಮ ಮನೆಗೆ ವಾರ ವಾರ ಜನ ಬರ್ತಾರೆ ಅಂದರೆ 5 ಲೀಟರಿಂದ ಮೇಲಿನದನ್ನೇ ನೋಡಿ.