ಔಷಧ ಪೂರೈಕೆಗೆ ಪ್ರೋತ್ಸಾಹಧನ: ಮೊಜಾಂಬಿಕ್ ದಾರಿಯೋ, ಸೆನೆಗಲ್ ದಾರಿಯೋ?

ಮೊಜಾಂಬಿಕ್‌ನಲ್ಲಿ 2013ರಿಂದ ಸರ್ಕಾರದ ಕೇಂದ್ರ ಔಷಧ ಸಂಸ್ಥೆಗೇ ಗುರಿ ಕೊಟ್ಟರು. ಮೂರು ತಿಂಗಳಿಗೊಮ್ಮೆ ತಪಾಸಣೆ, ಸಾಧಿಸಿದಷ್ಟಕ್ಕೆ ಹಣ. ಯೋಜನೆ, ಲೆಕ್ಕಪತ್ರ ಸೊರಗಿದ್ದರೆ ಇದು ಸರಿ. ಆದರೆ ತಪಾಸಣೆ ಸಡಿಲವಾದರೆ ಕಾಗದದ ಮೇಲಷ್ಟೇ ಚೆಂದ, ಅಲ್ವಾ?

ಸೆನೆಗಲ್‌ದು ಬೇರೆ. ಗರ್ಭನಿರೋಧಕಗಳಿಗಾಗಿ 2012ರಲ್ಲಿ ರಾಜಧಾನಿ ಡಕಾರ್ ಬಳಿಯ ಪಿಕಿನ್‌ನಲ್ಲಿ ಪ್ರಯೋಗ ಶುರುವಾಯಿತು. ಆಮೇಲೆ ವಿಸ್ತರಿಸಿದಾಗ ಖಾಸಗಿ ಸಾಗಣೆದಾರರು ಬಂದರು. ವಾಹನದಲ್ಲೇ ಸರಕು. ಕ್ಲಿನಿಕ್ಕಿಗೆ ಬಂದು ಕಪಾಟು ತೆಗೆದು ಎಣಿಸುತ್ತಿದ್ದರು, ಕಡಿಮೆಯಾದಷ್ಟು ತುಂಬಿಸುತ್ತಿದ್ದರು, ಕ್ಲಿನಿಕ್ಕಿನಿಂದ ಖರ್ಚಾದ ಸರಕಿಗೆ ಮಾತ್ರ ದುಡ್ಡು ಪಡೆಯುತ್ತಿದ್ದರು. ನರ್ಸ್‌ಗೆ ಆರ್ಡರ್ ಬರೆಯುವ ತಲೆನೋವಿರಲಿಲ್ಲ. ಕರಾರಿನ ಪ್ರಕಾರ ಸಾಗಣೆದಾರರಿಗೆ ಸಂಭಾವನೆ ಕೆಲಸಕ್ಕೆ ತಕ್ಕಂತೆ.

ಗೋದಾಮಿನಲ್ಲಿ ಮಾತ್ರೆ ಇದ್ದೂ ಹಳ್ಳಿಗೆ ತಲುಪುತ್ತಿಲ್ಲವಾದರೆ ನಾನು ಸೆನೆಗಲ್ ದಾರಿ ಹಿಡಿಯುತ್ತೇನೆ. ಗೋದಾಮೇ ಖಾಲಿಯಿದ್ದರೆ ವಾಹನ ಸುಮ್ನೆ ಓಡುತ್ತದೆ.